ಅನುಮತಿ ಕೇಳದೆ ಒಳಬರುವ ಅತಿಥಿ

ಸುಗಟೂರಿನಂತಹ ಊರಿನಿಂದ ಕೋಲಾರದ ಅಂಗಡಿಗೋ, ಇನ್ನೂ ಮುಂದೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಅಥವಾ ಎಸ್.ಪಿ. ರಸ್ತೆಗೋ ಹೋಗಿ ಮನೆಯ ಟಿ.ವಿ.ಗೆ ಜೋಡಿಸಲು ಒಂದು ಡಿಸ್ಕ್ ಪ್ಲೇಯರ್ ತರಬೇಕೆಂದು ಹೊರಡುವ ಮುಸ್ಲಿಮ್ ಗೃಹಸ್ಥನಿಗೆ ಎರಡು ಬಗೆಯ ಉಪದೇಶ ಸಿಗುತ್ತದೆ. ಒಬ್ಬರು, ಆ ಪೆಟ್ಟಿಗೆಯೇ ಹರಾಮ್, ಅದು ಹೊಸ್ತಿಲು ದಾಟಿದ ದಿನವೇ ಮನೆಯ ಬರಕತ್ ಹೊರಟುಹೋಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ಅಂತರ್ಜಾಲದ ವೀಡಿಯೊ ಬರುವಂತಹದ್ದನ್ನೇ ಕೊಂಡುಕೋ, ಬಯಾನ್ ಕೇಳಬಹುದು, ಮಕ್ಕಳು ತಜ್ವೀದ್ ಕಲಿಯುತ್ತಾರೆ, ರಮಝಾನಿನಲ್ಲಿ ಮಕ್ಕಾದ ತರಾವೀಹ್ ನೇರವಾಗಿ ನೋಡಬಹುದು ಎನ್ನುತ್ತಾರೆ. ಮೊದಲನೆಯವರ ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇರುತ್ತದೆ. ಎರಡನೆಯವರನ್ನು, ನಿಮ್ಮ ಮನೆಯಲ್ಲಿ ಕಳೆದ ವಾರ ಎಷ್ಟು ಹೊತ್ತು ಬಯಾನ್ ಕೇಳಿದಿರಿ ಎಂದು ವಿಚಾರಿಸಿದರೆ ಮಾತು ಬೇರೆ ಕಡೆಗೆ ಹೊರಳುತ್ತದೆ.

ಈ ಎರಡೂ ಉಪದೇಶಗಳನ್ನು ನಾವು ಒಪ್ಪುವುದಿಲ್ಲ. ಪೆಟ್ಟಿಗೆ ಹಲಾಲೋ ಹರಾಮೋ ಎಂಬ ಜಗಳದಲ್ಲಿ ನಮ್ಮ ಸಮುದಾಯ ಅರ್ಧ ಶತಮಾನವನ್ನು ಕಳೆದಿದೆ. ಅಷ್ಟರಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆಯೊಂದು ಹಾಗೆಯೇ ಉಳಿದುಬಿಟ್ಟಿದೆ: ಮನೆಯೊಳಗೆ ಏನು ಬರಬೇಕೆಂಬುದನ್ನು ತೀರ್ಮಾನಿಸುವವರು ಯಾರು? ಮನೆಯವರೋ, ಹೊರಗಿನವರೋ?

ಪವಿತ್ರ ಕುರ್‌ಆನ್ ಈ ಪ್ರಶ್ನೆಯನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಕೈಗೆತ್ತಿಕೊಂಡಿದೆ. ಸೂರಃ ಅನ್ನೂರ್‌ನ 27 ಮತ್ತು 28ನೆಯ ವಚನಗಳನ್ನು ತೆರೆದು ನೋಡಿರಿ. ಇತರರ ಮನೆಗಳಿಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದೂ, ಹಿಂದಿರುಗಿ ಎಂದರೆ ಹಿಂದಿರುಗಬೇಕೆಂದೂ ಅಲ್ಲಿ ಆದೇಶವಿದೆ. ಫಿಕ್ಹ್ ಗ್ರಂಥಗಳು ಇದನ್ನು ಇಸ್ತಿಅ್‌ದಾನ್ ಎಂದು ಕರೆದು ವಿವರವಾಗಿ ಚರ್ಚಿಸಿವೆ. ಹಝ್ರತ್ ಅಬೂ ಮೂಸಾ ಅಶ್‌ಅರೀ(ರ) ಅವರು ಖಲೀಫ ಉಮರ್(ರ) ಅವರ ಬಾಗಿಲಿಗೆ ಹೋಗಿ ಮೂರು ಬಾರಿ ಅನುಮತಿ ಕೇಳಿದರು, ಉತ್ತರ ಬರಲಿಲ್ಲ, ಹಿಂದಿರುಗಿದರು. ಏಕೆ ಹೋದಿರಿ ಎಂದು ಖಲೀಫರು ಕೇಳಿದಾಗ ಪ್ರವಾದಿವರ್ಯರ(ಸ) ಬೋಧನೆಯೇ ಹಾಗಿದೆ ಎಂದರು. ಉಮರ್(ರ) ಅದಕ್ಕೆ ಸಾಕ್ಷಿ ಬೇಕೆಂದರು, ಅನ್ಸಾರರಲ್ಲಿ ಕಿರಿಯರಾದ ಅಬೂ ಸಈದ್ ಖುದ್ರೀ(ರ) ಹೋಗಿ ಸಾಕ್ಷಿ ನುಡಿದರು. ಒಂದು ಬಾಗಿಲನ್ನು ಎಷ್ಟು ಬಾರಿ ತಟ್ಟಬೇಕೆಂಬ ವಿಷಯಕ್ಕೆ ಒಂದು ಸಾಮ್ರಾಜ್ಯದ ಆಡಳಿತಗಾರನು ಸಾಕ್ಷ್ಯ ಕೇಳುವಷ್ಟು ಗಂಭೀರವಾಗಿ ಆ ಸಮುದಾಯ ಮನೆಯ ಹೊಸ್ತಿಲನ್ನು ಕಂಡಿತ್ತು.

ಇನ್ನು ಯಂತ್ರದ ವಿಷಯಕ್ಕೆ ಬರೋಣ. ಡಿಸ್ಕ್ ಎಂಬುದು ಬಾಗಿಲು ತಟ್ಟುವ ಅತಿಥಿ. ಅದನ್ನು ಯಾರಾದರೂ ಆರಿಸಬೇಕು, ಹಣ ಕೊಟ್ಟು ತರಬೇಕು, ತಟ್ಟೆಯಲ್ಲಿಟ್ಟು ಗುಂಡಿ ಒತ್ತಬೇಕು. ಒಂದು ಡಿವಿಡಿಯಲ್ಲಿ 4.7 ಗಿಗಾಬೈಟ್, ಒಂದು ಪದರದ ಬ್ಲೂ-ರೇಯಲ್ಲಿ 25 ಗಿಗಾಬೈಟ್. ಅಷ್ಟು ಮುಗಿದರೆ ಮುಗಿಯಿತು. ಪರದೆ ಕಪ್ಪಾಗುತ್ತದೆ, ಮನೆಯವರು ಎದ್ದು ವುಝೂ ಮಾಡಲು ಹೋಗುತ್ತಾರೆ ಅಥವಾ ಮಲಗುತ್ತಾರೆ. 1976ರಲ್ಲಿ ಮುಸ್ತಫಾ ಅಕ್ಕಾದ್ ನಿರ್ಮಿಸಿದ 'ದಿ ಮೆಸೇಜ್' ಚಿತ್ರವನ್ನು ನಮ್ಮ ಎಷ್ಟೋ ಕುಟುಂಬಗಳು ಡಿಸ್ಕ್‌ನಲ್ಲೇ ನೋಡಿವೆ. ಪ್ರವಾದಿವರ್ಯರ(ಸ) ರೂಪವನ್ನಾಗಲೀ ಧ್ವನಿಯನ್ನಾಗಲೀ ತೋರಿಸದೆ ತೆಗೆದ ಆ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದ್ದರೂ, ಅದು ಮುಗಿದ ಮೇಲೆ ಡಿಸ್ಕ್ ತಾನಾಗಿಯೇ ಇನ್ನೊಂದು ಚಿತ್ರವನ್ನು ಆರಂಭಿಸಲಿಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರದು. ಅಹ್ಮದ್ ದೀದಾತ್‌ರು 1986ರಲ್ಲಿ ಅಮೆರಿಕದಲ್ಲಿ ಜಿಮ್ಮಿ ಸ್ವಾಗರ್ಟ್‌ನೊಂದಿಗೆ ನಡೆಸಿದ ಸಂವಾದವು ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಡಿಸ್ಕ್‌ನಲ್ಲಿ ಕೈಯಿಂದ ಕೈಗೆ ದಾಟಿ ಲೋಕವೆಲ್ಲ ಸುತ್ತಿತು. ಕೇಳಿದವರು ಕೇಳಬೇಕೆಂದೇ ಕೇಳಿದರು.

ಅಂತರ್ಜಾಲದ ಹರಿವು ಬೇರೆಯೇ ಸಂಗತಿ. ಅದು ಒಮ್ಮೆ ಅನುಮತಿ ಪಡೆದು ಸಾವಿರ ಬಾರಿ ಒಳಬರುತ್ತದೆ. ಒಂದು ವೀಡಿಯೊ ಮುಗಿಯುವ ಮೊದಲೇ ಮುಂದಿನದು ಸಿದ್ಧವಾಗಿರುತ್ತದೆ. ಬೇಡ ಎನ್ನಲು ನೀವು ಎದ್ದು ಗುಂಡಿ ಒತ್ತಬೇಕು, ಬೇಕು ಎನ್ನಲು ಏನೂ ಮಾಡಬೇಕಿಲ್ಲ. ಅಬೂ ಮೂಸಾ(ರ) ಅವರ ಬಾಗಿಲಿನಲ್ಲಿ ಮೌನವೆಂದರೆ 'ಹಿಂದಿರುಗು' ಎಂದಿತ್ತು. ಆಟೊಪ್ಲೇಯ ಬಾಗಿಲಿನಲ್ಲಿ ಮೌನವೆಂದರೆ 'ಒಳಗೆ ಬಾ' ಎಂದಾಗಿದೆ. ಇದು ನಮ್ಮ ಊಹೆಯಲ್ಲ. ಯೂಟ್ಯೂಬ್ ತನ್ನ ಶಿಫಾರಸು ವ್ಯವಸ್ಥೆಯನ್ನು 2012ರಲ್ಲಿ ಬದಲಿಸಿ, ಎಷ್ಟು ಜನ ವೀಡಿಯೊ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಆದ್ಯತೆ ನೀಡಿತು. 2018ರ ಜನವರಿಯಲ್ಲಿ ಆ ಸಂಸ್ಥೆಯ ಅಂದಿನ ಉತ್ಪನ್ನ ವಿಭಾಗದ ಮುಖ್ಯಸ್ಥ ನೀಲ್ ಮೋಹನ್, ಜನರು ಅಲ್ಲಿ ಕಳೆಯುವ ಹೊತ್ತಿನ ಶೇಕಡಾ 70ಕ್ಕೂ ಹೆಚ್ಚು ಭಾಗ ಸಂಸ್ಥೆಯ ಶಿಫಾರಸುಗಳಿಂದಲೇ ಬರುತ್ತದೆಂದು ಲಾಸ್ ವೇಗಸ್‌ನ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳಿದರು. ಅಂದರೆ ಹತ್ತು ಗಂಟೆಗಳಲ್ಲಿ ಏಳು ಗಂಟೆಯ ಆಯ್ಕೆ ಮನೆಯವರದ್ದಲ್ಲ. ಬಯಾನ್‌ಗಾಗಿ ಕೊಂಡೆವು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಎದುರಿಸಲಿ.

ಬಯಾನ್‌ಗಳ ಮಾತು ಬಂದಿತಾದ್ದರಿಂದ ಅದನ್ನೂ ಸ್ಪಷ್ಟಪಡಿಸುತ್ತೇವೆ. ನಮ್ಮ ಭಾಗದಲ್ಲಿ ಮನೆಯ ಮಾತು ದಖನಿ, ಮದ್ರಸದ ಪಾಠ ಉರ್ದು, ಶಾಲೆಯ ಓದು ಕನ್ನಡ, ಸಂತೆಯಲ್ಲಿ ಅರ್ಧ ತೆಲುಗು. ಧಾರ್ಮಿಕ ಪ್ರವಚನವೆಂದು ಹುಡುಕಿದ ಬಾಲಕನಿಗೆ ಉರ್ದುವಿನ ಅಪಾರ ಭಂಡಾರ ತೆರೆದುಕೊಳ್ಳುತ್ತದೆ. ನಮಾಝಿನ ವಿಧಾನದ ಒಂದು ಪಾಠ ಮುಗಿಯುತ್ತಲೇ 'ಇಂತಹವರ ನಮಾಝ್ ಏಕೆ ಬಾತಿಲ್' ಎಂಬ ತಲೆಬರಹ ಕಾಣುತ್ತದೆ. ಅದರ ಬೆನ್ನಿಗೆ ಅದಕ್ಕೆ ಉತ್ತರ, ಆ ಉತ್ತರಕ್ಕೆ ಇನ್ನೊಂದು ಉತ್ತರ. ಲಾಹೋರಿನಲ್ಲೋ ಹೈದರಾಬಾದಿನಲ್ಲೋ ಇಬ್ಬರು ಮೌಲವಿಗಳ ನಡುವೆ ನಡೆದ ಮುನಾಝರ ಕೋಲಾರ ತಾಲ್ಲೂಕಿನ ಒಂದೇ ಮಸೀದಿಯಿರುವ ಹಳ್ಳಿಗೆ ಬಂದಿಳಿಯುತ್ತದೆ. ಮಾರನೆಯ ದಿನ ಫಜ್ರ್‌ನ ಸಫ್‌ನಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಅರವತ್ತು ವರ್ಷದ ಹಿರಿಯರಿಗೆ 'ಆಮೀನ್ ಗಟ್ಟಿಯಾಗಿ ಹೇಳಬೇಕು' ಎಂದೋ 'ಹೇಳಬಾರದು' ಎಂದೋ ತಿದ್ದುತ್ತಾನೆ. ಇಮಾಮರು ಊರಿನಲ್ಲಿದ್ದಾರೆ, ಅವರನ್ನು ಕೇಳಬಹುದಿತ್ತು. ಆದರೆ ಅವರಿಗೆ ಹಿನ್ನೆಲೆಯ ಸಂಗೀತವಿಲ್ಲ, ಬಣ್ಣದ ತಲೆಬರಹವಿಲ್ಲ. ಸಿನಿಮಾ ನೋಡಿ ಕೆಟ್ಟವರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಖುತ್ಬಾಗಳಾಗಿವೆ. ಬಯಾನ್ ನೋಡಿಯೇ ಒಡೆದ ಮೊಹಲ್ಲಾಗಳ ಬಗ್ಗೆ ಒಂದು ಖುತ್ಬಾ ಆಗಬೇಕು. ಸುದ್ದಿ ತಂದವನನ್ನು ಪರೀಕ್ಷಿಸಬೇಕೆಂದು ಸೂರಃ ಅಲ್‌ಹುಜುರಾತ್‌ನ 6ನೆಯ ವಚನ ಆದೇಶಿಸುತ್ತದೆ. ಯಂತ್ರವು ತಂದಿಟ್ಟ ಸುದ್ದಿಗೆ ಆ ಆದೇಶದಿಂದ ವಿನಾಯಿತಿ ಇದೆಯೆಂದು ಯಾವ ಮುಫ್ತಿಯೂ ಹೇಳಿಲ್ಲ.

ಬಯಾನ್‌ನ ನಡುವೆ ತೂರಿಬರುವ ಜಾಹೀರಾತುಗಳನ್ನು ನಾವು ವಿವರಿಸಬೇಕಾಗಿಲ್ಲ. ರಮ್ಮಿ ಆಡಿ ಲಕ್ಷ ಗೆಲ್ಲಿರಿ ಎಂಬ ಕರೆ ಕುರ್‌ಆನ್ ಪಾರಾಯಣದ ಬೆನ್ನಿಗೇ ಬರುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಜೂಜನ್ನು ಹರಾಮ್ ಎಂದು ನಂಬುವ ನಮ್ಮ ಮನೆಗಳು ಆ ಕಾಯಿದೆಗಾಗಿ ಕಾಯಬೇಕಾಗಿರಲಿಲ್ಲ.

ಅನುಮತಿಯ ನಿಯಮಕ್ಕೆ ಇನ್ನೊಂದು ಮುಖವಿದೆ. ಅದನ್ನು ನಮ್ಮ ಪ್ರವಚನಕಾರರು ಹೆಚ್ಚಾಗಿ ಮುಟ್ಟುವುದಿಲ್ಲ. ಒಬ್ಬನು ಪ್ರವಾದಿವರ್ಯರ(ಸ) ಬಾಗಿಲಿನ ಸಂದಿಯಿಂದ ಒಳಗೆ ಇಣುಕಿದ ಘಟನೆಯನ್ನು ಸಹ್ಲ್ ಬಿನ್ ಸಅ್‌ದ್(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಗ ಪ್ರವಾದಿವರ್ಯರ(ಸ) ಕೈಯಲ್ಲಿ ತಲೆ ಬಾಚುವ ಕಬ್ಬಿಣದ ಸಾಧನವೊಂದಿತ್ತು. ಅವರು ತೋರಿದ ಕೋಪ ಸಾಮಾನ್ಯವಾದುದಲ್ಲ, ಅನುಮತಿಯ ನಿಯಮವಿರುವುದೇ ಕಣ್ಣಿನ ಕಾರಣಕ್ಕೆ ಎಂದು ಅವರು ತಿಳಿಸಿದರು. ಹಾಗಾದರೆ ನಾವು ನೋಡುವ ಯಂತ್ರವು ನಮ್ಮನ್ನು ನೋಡಬಹುದೇ? 2017ರ ಫೆಬ್ರವರಿಯಲ್ಲಿ ಅಮೆರಿಕದ ಟಿ.ವಿ. ತಯಾರಕ ಸಂಸ್ಥೆ ವಿಜಿಯೊ, ಒಂದು ಕೋಟಿ ಹತ್ತು ಲಕ್ಷ ಟಿ.ವಿ.ಗಳಿಂದ ಮನೆಯವರಿಗೆ ತಿಳಿಸದೆ ಅವರು ಏನು ನೋಡುತ್ತಾರೆಂಬ ಮಾಹಿತಿಯನ್ನು ಸಂಗ್ರಹಿಸಿದ ಆರೋಪದ ಪ್ರಕರಣವನ್ನು 22 ಲಕ್ಷ ಡಾಲರ್ ತೆತ್ತು ಇತ್ಯರ್ಥಪಡಿಸಿಕೊಂಡಿತು. ಮಕ್ಕಳ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪಕ್ಕೆ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ದಂಡ ಒಪ್ಪಿಕೊಂಡವು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹದಿನೆಂಟರೊಳಗಿನ ಮಗುವಿನ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಸಂದಿಯಿಂದ ಇಣುಕುವವನು ಈಗ ಬಾಗಿಲ ಹೊರಗೆ ನಿಂತಿಲ್ಲ. ನಾವೇ ಅವನನ್ನು ಕೋಣೆಯ ನಡುವೆ, ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೇವೆ. ಪರದೆಯ ವಿಷಯದಲ್ಲಿ ಅಷ್ಟೊಂದು ಎಚ್ಚರ ವಹಿಸುವ, ಮನೆಯ ಕಿಟಕಿಗೆ ಎರಡು ಪದರದ ಬಟ್ಟೆ ಹಾಕುವ ಸಮುದಾಯ ಇದರ ಬಗ್ಗೆ ಮಾತನಾಡದಿರುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಮನೆಯೊಳಗೂ ಅನುಮತಿ ಇದೆ. ಸೂರಃ ಅನ್ನೂರ್‌ನ 58ನೆಯ ವಚನವು ಫಜ್ರ್‌ಗೆ ಮೊದಲು, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವ ಹೊತ್ತು ಮತ್ತು ಇಶಾದ ನಂತರ, ಈ ಮೂರು ಸಮಯಗಳಲ್ಲಿ ಮನೆಯ ಸಣ್ಣ ಮಕ್ಕಳು ಸಹ ಕೇಳಿಯೇ ಒಳಗೆ ಬರಬೇಕೆಂದು ವಿಧಿಸುತ್ತದೆ. ಸ್ವಂತ ಮಗುವಿಗೇ ಬಾಗಿಲು ತಟ್ಟಲು ಕಲಿಸುವ ಮೂರು ಹೊತ್ತುಗಳವು. ಅಂತರ್ಜಾಲದ ವೀಡಿಯೊ ನಮ್ಮ ಮನೆಗಳನ್ನು ಅತಿ ಹೆಚ್ಚು ಆಳುವುದು ಯಾವ ಹೊತ್ತಿನಲ್ಲಿ? ಇಶಾದ ನಂತರ. ಎಲ್ಲರೂ ಮಲಗಿದ ಮೇಲೆ, ದೀಪ ಆರಿಸಿದ ಕೋಣೆಯಲ್ಲಿ, ಶಬ್ದ ತಗ್ಗಿಸಿಕೊಂಡು. ಹಲವು ಮನೆಗಳಲ್ಲಿ ಫಜ್ರ್‌ನ ಅಝಾನ್‌ವರೆಗೂ. ಅಲ್ಲಾಹನು ಮಗುವಿನ ಕಣ್ಣಿನಿಂದಲೂ ಕಾಪಾಡಿದ ಆ ಹೊತ್ತುಗಳಿಗೆ ಅಪರಿಚಿತರನ್ನು ನಾವೇ ಕರೆದು ಕೂರಿಸುತ್ತಿರುವಾಗ, ಪೆಟ್ಟಿಗೆ ಹಲಾಲೋ ಹರಾಮೋ ಎಂದು ಕೇಳುವುದರಲ್ಲಿ ಏನರ್ಥ? ಹಲಾಲ್ ಊಟವೂ ರೋಝಾದ ಹಗಲಿನಲ್ಲಿ ಹರಾಮ್ ಆಗುತ್ತದೆ. ಹೊತ್ತಿನ ಲೆಕ್ಕವನ್ನು ಬಲ್ಲ ಧರ್ಮ ನಮ್ಮದು.

ಪೆಟ್ಟಿಗೆಯನ್ನೇ ನಿಷೇಧಿಸುವವರಿಗೆ ಈಗ ಎರಡು ಮಾತು. ಉಪಖಂಡದ ಉಲಮಾಗಳಲ್ಲಿ ಹಲವರು ಟಿ.ವಿ.ಯನ್ನು ಸಂಪೂರ್ಣವಾಗಿ ವರ್ಜಿಸಿದ್ದಾರೆ. ಮುಫ್ತಿ ತಕೀ ಉಸ್ಮಾನಿಯವರಂತಹ ವಿದ್ವಾಂಸರು ಡಿಜಿಟಲ್ ಬಿಂಬವನ್ನು ಕಾಗದಕ್ಕೆ ಇಳಿಸದವರೆಗೆ ನಿಷಿದ್ಧ ಚಿತ್ರವೆಂದು ಪರಿಗಣಿಸುವುದಿಲ್ಲ. ಇಬ್ಬರಿಗೂ ತಮ್ಮ ತಮ್ಮ ಆಧಾರಗಳಿವೆ, ನಾವು ಆ ಚರ್ಚೆಯಲ್ಲಿ ತೀರ್ಪುಗಾರರಲ್ಲ. ಆದರೆ ಇತಿಹಾಸವನ್ನು ನೆನಪಿಸುತ್ತೇವೆ. ಧ್ವನಿವರ್ಧಕ ಬಂದಾಗ ಅದರಲ್ಲಿ ಖುತ್ಬಾ ಓದಬಹುದೇ ಎಂಬ ವಿವಾದ ಎಷ್ಟು ಬೆಳೆಯಿತೆಂದರೆ, 1967ರಲ್ಲಿ ನೆರೆಯ ಕೇರಳದಲ್ಲಿ ಉಲಮಾಗಳ ಸಂಘಟನೆಯೊಂದು ಅದೇ ಕಾರಣಕ್ಕೆ ಒಡೆಯಿತು. ಸೌದಿ ಅರೇಬಿಯಾದಲ್ಲಿ 1965ರಲ್ಲಿ ಟಿ.ವಿ. ಪ್ರಸಾರ ಆರಂಭವಾದಾಗ ಪ್ರತಿಭಟನೆ ನಡೆದು ರಾಜಮನೆತನದವನೇ ಒಬ್ಬ ಪ್ರಾಣ ಕಳೆದುಕೊಂಡನು. ಇಂದು ಅದೇ ದೇಶದಿಂದ ಹರಮ್‌ನ ತರಾವೀಹ್ ಜಗತ್ತಿಗೆ ಪ್ರಸಾರವಾಗುತ್ತದೆ, ಧ್ವನಿವರ್ಧಕವಿಲ್ಲದ ಮಸೀದಿಯನ್ನು ಹುಡುಕಬೇಕಾಗಿದೆ. ನಿಷೇಧದ ಮಾತು ಯಂತ್ರವನ್ನು ತಡೆಯಲಿಲ್ಲ. ಹರಾಮ್ ಎಂದು ಕೇಳಿಸಿಕೊಂಡ ಮನೆಗಳೂ ಯಂತ್ರವನ್ನು ಕೊಂಡವು. ಹೇಗಿದ್ದರೂ ತಪ್ಪೇ ಮಾಡುತ್ತಿದ್ದೇವೆ ಎಂಬ ಭಾವದಲ್ಲಿ ಕೊಂಡದ್ದರಿಂದ ಏನು ನೋಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೈಗುಳ ಸಿಗುತ್ತಿತ್ತು. ನಮ್ಮ ತಾಲ್ಲೂಕಿನ ನರಸಾಪುರದಲ್ಲೇ ಐಫೋನ್ ತಯಾರಾಗುತ್ತಿದೆ. ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸು ಹತ್ತಿ ಅಂತಹ ಕಾರ್ಖಾನೆಗಳಿಗೆ ದುಡಿಯಲು ಹೋಗುವ ಕಾಲದಲ್ಲಿ, ಪರದೆಯೇ ಇಲ್ಲದ ಊರನ್ನು ಕಲ್ಪಿಸಿಕೊಂಡು ನೀಡುವ ಉಪದೇಶ ಯಾರ ಉಪಯೋಗಕ್ಕೆ?

ಇದಕ್ಕಿಂತ ಕಟುವಾಗಿ ಹೇಳಬೇಕಾದದ್ದು ನಮ್ಮ ಗಂಡಸರಿಗೆ. ಮನೆಗೆ ಯಂತ್ರ ಬಂದಾಗ ಮೊದಲ ನಿರ್ಬಂಧ ಬೀಳುವುದು ಹೆಣ್ಣುಮಕ್ಕಳ ಮೇಲೆ. ಮಗಳು ಏನು ನೋಡುತ್ತಾಳೆಂದು ಅಣ್ಣ ವಿಚಾರಿಸುತ್ತಾನೆ; ಅಣ್ಣ ಏನು ನೋಡುತ್ತಾನೆಂದು ಯಾರೂ ವಿಚಾರಿಸುವುದಿಲ್ಲ. ತಂದೆಯ ಫೋನಿಗೆ ಬೆರಳಚ್ಚಿನ ಬೀಗ, ತಾಯಿಯ ಧಾರಾವಾಹಿಗೆ ಉಪದೇಶ. ಅದೇ ಸೂರಃ ಅನ್ನೂರ್‌ನ 30ನೆಯ ವಚನ ದೃಷ್ಟಿಯನ್ನು ತಗ್ಗಿಸಬೇಕೆಂದು ಮೊದಲು ಪುರುಷರಿಗೆ ಆದೇಶಿಸಿ, ಅನಂತರ 31ನೆಯ ವಚನದಲ್ಲಿ ಸ್ತ್ರೀಯರನ್ನು ಉದ್ದೇಶಿಸುತ್ತದೆ. ಈ ಕ್ರಮವನ್ನು ನಮ್ಮ ಮನೆಗಳು ತಲೆಕೆಳಗು ಮಾಡಿವೆ. ಮನೆಯ ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ಉತ್ತರಿಸಬೇಕಾದ ಕುರುಬನೆಂದು ತಿಳಿಸಿದ ಹದೀಸ್, ಪುರುಷನನ್ನು ಹೊಣೆಗಾರನನ್ನಾಗಿ ಮಾಡುವಾಗ ಸ್ತ್ರೀಯನ್ನೂ ತನ್ನ ಮನೆಯ ಹೊಣೆಗಾರಳೆಂದೇ ಹೆಸರಿಸುತ್ತದೆ. ಬೇಲಿಯ ಹೊರಗೆ ತಾನೇ ಅಲೆಯುತ್ತಿರುವ ಕುರುಬ ಕುರಿಗಳನ್ನು ಗದರಿಸಿದರೆ ಕುರಿಗಳಿಗೂ ಗೊತ್ತಾಗುತ್ತದೆ. ಆದ್ದರಿಂದ ಯಾವ ನಿಯಮವನ್ನು ಮಗಳಿಗೆ ಹಾಕುತ್ತೇವೆಯೋ ಅದು ಮೊದಲು ತಂದೆಯ ಫೋನಿಗೆ ಅನ್ವಯವಾಗಬೇಕು. ಹಾಗೆ ಮಾಡಲಾಗದಿದ್ದರೆ ಮಗಳ ಮೇಲೂ ಅದನ್ನು ಹೇರಬಾರದು.

ಖರೀದಿಯ ಹಣದ ವಿಷಯವೂ ಧರ್ಮದ ವಿಷಯವೇ. ಎಷ್ಟೋ ಮನೆಗಳು ಪೆಟ್ಟಿಗೆಯ ಬಗ್ಗೆ ಫತ್ವಾ ಕೇಳುತ್ತವೆ, ಅದನ್ನು ಕೊಳ್ಳುವ ಸಾಲದ ಬಗ್ಗೆ ಕೇಳುವುದಿಲ್ಲ. 'ಬಡ್ಡಿಯಿಲ್ಲದ ಕಂತು' ಎಂದು ಅಂಗಡಿಯ ಫಲಕ ಹೇಳುತ್ತದೆ. ಬಡ್ಡಿಯೇ ಇಲ್ಲದ ಸಾಲವೆಂಬುದು ಇಲ್ಲ, ಬಡ್ಡಿಯ ಅಂಶವನ್ನು ಸಂಸ್ಕರಣಾ ಶುಲ್ಕದಂತಹ ಹೆಸರಿನಲ್ಲಿ ಮರೆಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ರಿಬಾದ ವಾಸನೆಯನ್ನು ರಿಸರ್ವ್ ಬ್ಯಾಂಕ್ ಗುರುತಿಸಿತು, ನಮ್ಮವರು ಗುರುತಿಸಲಿಲ್ಲ. ನಗದು ಕೊಟ್ಟರೆ ಬೆಲೆ ಎಷ್ಟು, ಕಂತಿನಲ್ಲಿ ಒಟ್ಟು ಎಷ್ಟು ಎಂದು ಎರಡು ಲೆಕ್ಕವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿರಿ. ವ್ಯತ್ಯಾಸವಿದ್ದರೆ ಉತ್ತರ ಕೈಯಲ್ಲೇ ಇದೆ.

ಅದೇ ರೀತಿ ಕದ್ದ ಡಿಸ್ಕ್‌ಗಳು. ಮೂವತ್ತು ರೂಪಾಯಿಯ ನಕಲಿ ಡಿಸ್ಕ್‌ನಲ್ಲಿ ಪ್ರಾಮಾಣಿಕತೆಯ ಬಗ್ಗೆ ಬಯಾನ್ ಕೇಳಿದ ತಲೆಮಾರು ನಮ್ಮದು. ಕರ್ನಾಟಕದ 1985ರ ಗೂಂಡಾ ಕಾಯಿದೆ ಕಳ್ಳಭಟ್ಟಿ ಮಾರುವವರ, ಜೂಜುಕೋರರ ಸಾಲಿನಲ್ಲೇ ವೀಡಿಯೊ ಮತ್ತು ಆಡಿಯೊ ಚೋರರನ್ನೂ ಸೇರಿಸಿದೆ. ಧಾರ್ಮಿಕ ದೃಷ್ಟಿಯಿಂದಲೂ ಸಂದೇಹ ಉಳಿದಿಲ್ಲ: ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರಲ್ಲಿ ಕುವೈತ್‌ನಲ್ಲಿ ಸೇರಿ, ಕೃತಿಸ್ವಾಮ್ಯವು ಶರೀಅತ್ ರಕ್ಷಿಸುವ ಹಕ್ಕು, ಅದನ್ನು ಉಲ್ಲಂಘಿಸಬಾರದು ಎಂದು ನಿರ್ಣಯಿಸಿತು. ಈಗ ಡಿಸ್ಕ್ ಹೋಗಿ ಟೆಲಿಗ್ರಾಮ್ ಬಂದಿದೆ. ಕಳವು ಹಾಗೆಯೇ ಇದೆ.

ಇಷ್ಟಾದ ಮೇಲೆ, ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ನೇರವಾಗಿಯೇ ಹೇಳುತ್ತೇವೆ. ಡಿಸ್ಕ್ ಪ್ಲೇಯರನ್ನು ಡಿಸ್ಕ್‌ಗಾಗಿ ಕೊಳ್ಳಿರಿ. ಅದರಲ್ಲಿ ಅಂತರ್ಜಾಲದ ವೀಡಿಯೊ ಇದೆಯೆಂಬ ಕಾರಣಕ್ಕೆ ಹೆಚ್ಚು ಹಣ ಕೊಡಬೇಡಿರಿ. ಇದಕ್ಕೆ ದೀನೀ ಕಾರಣದ ಜೊತೆಗೆ ದುನಿಯಾದ ಕಾರಣವೂ ಇದೆ. ಪ್ಲೇಯರಿನ ಡಿಸ್ಕ್ ಭಾಗ ಯಂತ್ರ ಕೆಡುವವರೆಗೆ ನಡೆಯುತ್ತದೆ. ಅಂತರ್ಜಾಲದ ಭಾಗ ಕಂಪೆನಿಗೆ ಮನಸ್ಸಿರುವವರೆಗೆ ಮಾತ್ರ. 2015ರ ಏಪ್ರಿಲ್ 20ರಿಂದ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಲಾರಂಭಿಸಿದಾಗ 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಟಿ.ವಿ.ಗಳಲ್ಲಿ, ಬ್ಲೂ-ರೇ ಪ್ಲೇಯರುಗಳಲ್ಲಿ ಆ ಸೌಲಭ್ಯ ನಿಂತುಹೋಯಿತು. ಯಂತ್ರ ಗಟ್ಟಿಯಾಗಿತ್ತು, ಮೂರೇ ವರ್ಷ ಹಳೆಯದಾಗಿತ್ತು, ಹಣ ಪೂರ್ತಿ ಕೊಟ್ಟಾಗಿತ್ತು. ಇನ್ನೊಂದೆಡೆ ಪ್ಲೇಯರ್ ತಯಾರಿಸುವವರೇ ಕಡಿಮೆಯಾಗುತ್ತಿದ್ದಾರೆ: ಒಪ್ಪೊ 2018ರಲ್ಲಿ ನಿಲ್ಲಿಸಿತು, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಮಾದರಿಗಳನ್ನು ಕೈಬಿಟ್ಟಿತು, ಎಲ್‌ಜಿ 2024ರ ಕೊನೆಯಲ್ಲಿ ಹಿಂದೆ ಸರಿಯಿತು. ಹೀಗಾಗಿ ಮನೆಯಲ್ಲಿ ಹಜ್ಜ್‌ನ, ಮದುವೆಯ, ತೀರಿಕೊಂಡ ಹಿರಿಯರ ಧ್ವನಿಯ ಡಿಸ್ಕ್‌ಗಳಿರುವವರು ಒಂದು ಒಳ್ಳೆಯ ಪ್ಲೇಯರನ್ನು ಈಗಲೇ ಕೊಂಡಿಡುವುದು ದುಂದುವೆಚ್ಚವಾಗದು.

ಗಲ್ಫ್‌ನಿಂದ ಬರುವ ಬಂಧುಗಳ ಕೈಯಲ್ಲಿ ಪ್ಲೇಯರ್ ತರಿಸುವವರು ಒಂದು ವಿಷಯ ನೆನಪಿಡಬೇಕು. ಡಿವಿಡಿಗಳಿಗೆ ಪ್ರದೇಶದ ಸಂಖ್ಯೆಗಳಿವೆ; ಸೌದಿ, ದುಬೈಗಳು 2ನೆಯ ಪ್ರದೇಶ, ಭಾರತ 5ನೆಯ ಪ್ರದೇಶ. ಬ್ಲೂ-ರೇಗಳಲ್ಲಿ ಅವರದು ಬಿ, ನಮ್ಮದು ಸಿ. ಅಲ್ಲಿನ ಯಂತ್ರ ಇಲ್ಲಿನ ಡಿಸ್ಕನ್ನು ತಿರಸ್ಕರಿಸಬಹುದು. ಎಲ್ಲ ಪ್ರದೇಶದ ಡಿಸ್ಕ್ ಓದುವುದೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಜಿದ್ದಾದ ಅಂಗಡಿಯವನು ಅದನ್ನು ತಾನಾಗಿ ಹೇಳುವುದಿಲ್ಲ.

ಅಂತರ್ಜಾಲದ ವೀಡಿಯೊ ಮನೆಗೆ ಬೇಕೇಬೇಕು ಎನ್ನುವವರು, ಮಕ್ಕಳ ಓದಿಗೆ, ದೂರದ ಊರಿನ ಪಾಠಕ್ಕೆ ಬೇಕು ಎನ್ನುವವರು ಇದ್ದಾರೆ. ಅವರನ್ನು ನಾವು ತಪ್ಪಿತಸ್ಥರೆನ್ನುವುದಿಲ್ಲ. ಮೊದಲು ಲೆಕ್ಕ ಹಾಕಿರಿ: ಎಚ್‌ಡಿ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 3 ಗಿಗಾಬೈಟ್ ವರೆಗೆ ಖರ್ಚಾಗುತ್ತದೆಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ದಿನಕ್ಕೆ 1.5 ಗಿಗಾಬೈಟ್ ಕೊಡುವ ಮೊಬೈಲಿನ ಹಾಟ್‌ಸ್ಪಾಟ್ ನಂಬಿ ಹಳ್ಳಿಯ ಮನೆಗೆ ಇದನ್ನು ತಂದರೆ ಅರ್ಧ ಗಂಟೆಗೆ ಮುಗಿಯುತ್ತದೆ. (ಮಗ ಇನ್ನೊಂದು ಸಿಮ್ ಕೇಳುತ್ತಾನೆ, ಅದೂ ಖರ್ಚಿನ ಲೆಕ್ಕದಲ್ಲಿರಲಿ.) ಆಮೇಲೆ ಬಾಗಿಲಿಗೆ ಅಗುಳಿ ಹಾಕಿರಿ. ಆಟೊಪ್ಲೇಯನ್ನು ಆರಿಸಬಹುದು. ವೀಕ್ಷಣೆಯ ಇತಿಹಾಸವನ್ನು ಆರಿಸಬಹುದು. ಹಾಗೆ ಮಾಡಿದವರ ಮುಖಪುಟದಲ್ಲಿ ಶಿಫಾರಸುಗಳು ಕಾಣದಂತೆ ಯೂಟ್ಯೂಬ್ 2023ರ ಆಗಸ್ಟ್‌ನಿಂದ ಏರ್ಪಾಡು ಮಾಡಿದೆ. ಆಗ ಉಳಿಯುವುದು ಹುಡುಕುವ ಪಟ್ಟಿಯೊಂದೇ. ಏನು ಬೇಕೆಂದು ಮನೆಯವರು ಮೊದಲು ಬರೆಯಬೇಕು, ಅದರ ನಂತರವೇ ಅದು ಬರುತ್ತದೆ. ಅನುಮತಿಯ ನಿಯಮ ಯಂತ್ರಕ್ಕೆ ತಿರುಗಿ ಬಂದಂತಾಯಿತು. ಯಂತ್ರವಿರುವ ಜಾಗ ಎಲ್ಲರೂ ಓಡಾಡುವ ಪಡಸಾಲೆಯಾಗಿರಲಿ, ಮಲಗುವ ಕೋಣೆಯಾಗದಿರಲಿ. ಇಶಾದ ನಂತರ ಅದರ ಪ್ಲಗ್ ತೆಗೆಯುವ ಕೆಲಸ ಪ್ರತಿದಿನ ಒಬ್ಬರ ಪಾಲಿಗಿರಲಿ, ತಂದೆಯದೂ ಒಂದು ಸರದಿಯಿರಲಿ.

ಸುಗಟೂರಿನ ನಾಡಪ್ರಭುಗಳು ಒಂದು ಕಾಲದಲ್ಲಿ ಹೊಸಕೋಟೆಯನ್ನು ಕಟ್ಟಿಸಿದರು. ಕೋಟೆ ಕಟ್ಟಿದವರ ಊರಿನವರಿಗೆ ಬಾಗಿಲು ಕಾಯುವುದನ್ನು ಹೊರಗಿನವರು ಹೇಳಿಕೊಡಬೇಕಾಗಿ ಬಂದಿರುವುದು ವಿಪರ್ಯಾಸ. ಅದಿರಲಿ, ಇದನ್ನು ಒಂದೊಂದು ಮನೆಯೂ ತಾನೇ ಕಲಿಯಬೇಕೆಂದು ಬಿಟ್ಟರೆ ಆಗುವ ಕೆಲಸವಲ್ಲ. ಗಂಡ ದೂರದ ಊರಿನಲ್ಲಿ ದುಡಿಯುತ್ತಿರುವ, ರಾತ್ರಿ ಪಾಳಿಯಲ್ಲಿರುವ ಮನೆಗಳಲ್ಲಿ ರಿಮೋಟ್ ತಾಯಿಯ ಕೈಯಲ್ಲಿದೆ, ಅದರ ರಹಸ್ಯ ಸಂಖ್ಯೆ ಹನ್ನೆರಡು ವರ್ಷದ ಮಗನಿಗೆ ಮಾತ್ರ ಗೊತ್ತಿದೆ. ಮಸೀದಿ ಸಮಿತಿಗಳು ಜುಮಾದ ನಂತರದ ಅರ್ಧ ಗಂಟೆಯನ್ನು ಗಂಡಸರಿಗೆ, ವಾರದ ಇನ್ನೊಂದು ದಿನ ಮದ್ರಸದ ಕೋಣೆಯನ್ನು ತಾಯಂದಿರಿಗೆ ಬಿಟ್ಟುಕೊಡಲಿ. ಒಂದು ಟಿ.ವಿ., ಒಂದು ಪ್ಲೇಯರ್, ತಿಳಿದ ಯುವಕನೊಬ್ಬ ಅಥವಾ ಯುವತಿಯೊಬ್ಬಳು ಸಾಕು. ಆಟೊಪ್ಲೇ ಎಲ್ಲಿ ಆರಿಸುವುದು, ಇತಿಹಾಸ ಎಲ್ಲಿ ಅಳಿಸುವುದು, ರಹಸ್ಯ ಸಂಖ್ಯೆ ಹೇಗೆ ಬದಲಿಸುವುದು ಎಂಬುದನ್ನು ದಖನಿಯಲ್ಲಿ, ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ ತೋರಿಸಿಕೊಡಲಿ. ಪ್ರತಿ ತಾಯಿಯೂ ತನ್ನ ಕೈಯಿಂದಲೇ ಒಮ್ಮೆ ಮಾಡಿನೋಡಿದ ಮೇಲೆ ಮನೆಗೆ ಹೊರಡಲಿ.